ಅಳಿವೆಯ ಸೆಳೆತ, ಕಿತ್ತುಬಂದ ಅಟ್ಟೆ, ಉಕ್ಕುವ ಹಳ್ಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದಿಂದಲೇ ಬಂದಿವೆ. ಚಾರಣದ ಸಾಮಾನುಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ತಣ್ಣಗಿನ, ಒಣಹವೆಯ ಬೆಟ್ಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಘಟ್ಟ ಮತ್ತು ಕರಾವಳಿಯಲ್ಲಿ ಸಾಮಾನನ್ನು ಹಾಳುಮಾಡುವುದೂ ಜನರನ್ನು ಅಪಾಯಕ್ಕೆ ತಳ್ಳುವುದೂ ನೀರೇ. ಮಳೆ, ಉಪ್ಪು, ಹವೆಯ ತೇವ, ಹಳ್ಳದ ರಭಸ, ಉಬ್ಬರ-ಇಳಿತ, ಇವುಗಳ ಲೆಕ್ಕ ಹಿಡಿದೇ ಇಲ್ಲಿ ತಯಾರಿ ನಡೆಯಬೇಕು.

ಪ್ರಶ್ನೆ: ಗಾಳಿ ತುಂಬಿಸುವ, ಇಬ್ಬರು ಕೂರುವ ಕಯಾಕ್ ಕೊಂಡಿದ್ದೇವೆ. ಕೋಡಿಬಾಗದಿಂದ ಹೊರಟು ಕಾಳಿ ಅಳಿವೆ ದಾಟಿ ದೇವಬಾಗದ ಕಡಲ ಬದಿಗೆ ಹೋಗಿಬರುವ ಆಸೆ. ಇಬ್ಬರಿಗೂ ಈಜು ಬರುತ್ತದೆ. ಏನೇನು ತಯಾರಿ ಬೇಕು?
— ಕಾರವಾರದ ಓದುಗರು

ಉತ್ತರ: ಈ ಕಯಾಕಿನಲ್ಲಿ ಅಳಿವೆಯಾಚೆ ಹೋಗಲೇಬೇಡಿ. ಗಾಳಿ ತುಂಬಿದ ಕಯಾಕ್ ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಅದನ್ನು ನಡೆಸುವುದು ನಿಮ್ಮ ಹುಟ್ಟಿಗಿಂತ ಹೆಚ್ಚಾಗಿ ಗಾಳಿಯೇ. ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ನಿಮ್ಮನ್ನು ಹೊರಗೆ ದೂಡುತ್ತದೆ. ಅದರ ಜೊತೆ ಇಳಿತವೂ ಸೇರಿದರೆ ಇಬ್ಬರು ಸೇರಿ ಹುಟ್ಟು ಹಾಕಿದರೂ ಹಿಂದಕ್ಕೆ ಬರುವುದು ಕಷ್ಟ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಏಳುತ್ತದೆ. ಹೊರಕ್ಕೆ ಹರಿಯುವ ಇಳಿತಕ್ಕೆ ಅದು ಎದುರಾದಾಗ ಅಳಿವೆಯ ಬಾಯಲ್ಲಿ ಅಲೆಗಳು ಗಿಡ್ಡಗೆ, ಕಡಿದಾಗಿ ಏಳುತ್ತವೆ. ಮರಳುದಿಬ್ಬದ ಮೇಲೆ ಅವು ಮುರಿದು ಬೀಳುವಾಗ ಕಯಾಕ್ ಅಡ್ಡವಾಗಿ ನಿಂತರೆ ಮಗುಚಿತು ಎಂದೇ ಅರ್ಥ. ಈಜು ಬರುವುದರಿಂದ ಈ ಯಾವ ಲೆಕ್ಕವೂ ಬದಲಾಗುವುದಿಲ್ಲ.

ಒಳನೀರಿನಲ್ಲಿ, ಸುಂಕೇರಿ-ಕಡವಾಡದ ಕಡೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹೋಗುವುದಾದರೆ ಖಂಡಿತ ಹೋಗಿ, ಬಹಳ ಚೆಂದದ ದಾರಿ ಅದು. ಆದರೆ ಹೊರಡುವ ಹೊತ್ತನ್ನು ಗಡಿಯಾರ ನೋಡಿ ಇಟ್ಟುಕೊಳ್ಳಬೇಡಿ, ಉಬ್ಬರ-ಇಳಿತದ ಕೋಷ್ಟಕ ನೋಡಿ ಇಟ್ಟುಕೊಳ್ಳಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಹಿಡಿದರೆ, ನೀರು ಆರೂ ಗಂಟೆ ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 3, ಐದರಲ್ಲಿ 2, ಆರರಲ್ಲಿ 1. ಅಂದರೆ ಸೆಳೆತ ಜೋರಾಗಿರುವುದು ನಡುವಿನ ಎರಡು ಗಂಟೆ. ಅಳಿವೆಯಿಂದ ಮೇಲಕ್ಕೆ ಹೋದಷ್ಟೂ ನೀರು ತಿರುಗುವ ಹೊತ್ತು ಕೋಷ್ಟಕಕ್ಕಿಂತ ತಡವಾಗುತ್ತದೆ ಎಂಬುದನ್ನೂ ನೆನಪಿಡಿ.

ನಿಮಗೆ ಒಳ್ಳೆಯದು ಬೆಳಿಗ್ಗೆ 10ರ ಸುಮಾರಿಗೆ ಪೂರ್ಣ ಉಬ್ಬರವಾಗುವ ದಿನ. 7ಕ್ಕೆ ನೀರಿಗಿಳಿದರೆ ಏರುವ ನೀರು ನಿಮ್ಮನ್ನು ಒಳಕ್ಕೆ ಒಯ್ಯುತ್ತದೆ. 10ಕ್ಕೆ ನೀರು ನಿಂತಾಗ ತಿರುಗಿ, ಇಳಿತದ ಜೊತೆ ಬಂದು, ಪಡುವಣ ಗಾಳಿ ಬಲವಾಗುವ ಮೊದಲು, 11.30ರೊಳಗೆ ದಡ ಸೇರಿ. ಹೊಸಬರ ವೇಗವನ್ನು ಗಂಟೆಗೆ 3 ಕಿಲೋಮೀಟರಿಗಿಂತ ಹೆಚ್ಚು ಹಿಡಿಯಬೇಡಿ, ಹಿಂದಿರುಗಲು ಇರುವ ಒಂದೂವರೆ ಗಂಟೆಯಲ್ಲಿ ಬರಬಹುದಾದಷ್ಟು ದೂರ ಮಾತ್ರ ಒಳಕ್ಕೆ ಹೋಗಿ. ಕಾಳಿ ಸೇತುವೆಯ ಕಂಬಗಳಿಂದ ದೂರವಿರಿ. ಹರಿಯುವ ನೀರು ಕಯಾಕನ್ನು ಕಂಬಕ್ಕೆ ಅಡ್ಡ ಒತ್ತಿ ಹಿಡಿದರೆ ಬಿಡಿಸಿಕೊಳ್ಳಲಾಗದು. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಜಾಗವಾದ್ದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಳೆಗಾಲದಲ್ಲಿ ಈ ಯೋಚನೆಯನ್ನೇ ಕೈಬಿಡಿ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿಯ ಲೆಕ್ಕವೇ ಬದಲಾಗುತ್ತದೆ.

ಇನ್ನು ಲೈಫ್ ಜಾಕೆಟ್. ಅದರ ಒಳಪಟ್ಟಿಯಲ್ಲಿ 50 ನ್ಯೂಟನ್ ಅಥವಾ 100 ನ್ಯೂಟನ್ ಎಂದು ಬರೆದಿರುತ್ತದೆ, ಅದು ತೇಲಿಸುವ ಬಲದ ಅಳತೆ. 50ರದ್ದು ಎಚ್ಚರವಿರುವ, ಈಜು ಬರುವವರಿಗೆ ತೇಲಲು ನೆರವಾಗುತ್ತದೆ, ಅಷ್ಟೇ. ಎಚ್ಚರ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವಂತೆ ರೂಪಿಸಿದ್ದು 100ರದ್ದು. ಬಾಡಿಗೆಗೆ ಅಥವಾ ಹಳೆಯದಾಗಿ ಸಿಕ್ಕ ಜಾಕೆಟಿನೊಳಗಿನ ಫೋಮ್ ವರ್ಷಗಟ್ಟಲೆ ಒತ್ತಿ ಒತ್ತಿ ತೆಳ್ಳಗಾಗಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: 5 ಕೆ.ಜಿ.ಯ ಕಬ್ಬಿಣದ ತೂಕದ ಬಟ್ಟನ್ನು ಜಾಕೆಟಿಗೆ ಕಟ್ಟಿ ತೊಟ್ಟಿಗೆ ಬಿಡಿ. ನೀರಿನೊಳಗೆ ಆ ಬಟ್ಟಿನ ಎಳೆತ ಸುಮಾರು 4.4 ಕೆ.ಜಿ.ಯಷ್ಟಿರುತ್ತದೆ. 50 ನ್ಯೂಟನ್ ಜಾಕೆಟ್ ಸರಿಯಿದ್ದರೆ 5 ಕೆ.ಜಿ. ಎಳೆತವನ್ನು ತಡೆಯಬೇಕು. ಒಂದು ಗಂಟೆಯಲ್ಲಿ ಮುಳುಗಿದರೆ ಆ ಜಾಕೆಟ್ ಎಸೆಯಿರಿ. ತೊಟ್ಟ ಮೇಲೆ ಜೊತೆಗಾರರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ; ಜಾಕೆಟ್ ಗಲ್ಲದ ಮೇಲೆ ಬಂದರೆ ಅಳತೆ ದೊಡ್ಡದು ಅಥವಾ ಪಟ್ಟಿ ಸಡಿಲ.

ಕಯಾಕಿಗೆ ಗಾಳಿಯನ್ನು ನೀರಿನ ಪಕ್ಕದಲ್ಲೇ ತುಂಬಿ. ಬಿಸಿಲಲ್ಲಿ ಮರಳಿನ ಮೇಲೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆಯ ಅಂಟು ಬಿಡುತ್ತದೆ. ತಣ್ಣೀರಿಗೆ ಇಳಿಸಿದ ಹತ್ತು ನಿಮಿಷಕ್ಕೆ ಒತ್ತಡ ಇಳಿಯುವುದರಿಂದ ಪಂಪ್ ಜೊತೆಗಿರಲಿ. ಕಾಂಡ್ಲಾ ಬೇರುಗಳಿಗೆ ಅಂಟಿದ ಸಿಂಪಿಯ ಅಂಚು ಬ್ಲೇಡಿನಷ್ಟು ಹರಿತ, ಕಯಾಕನ್ನೂ ಕಾಲನ್ನೂ ಸೀಳುತ್ತದೆ. ಕಾಲಿಗೆ ಅಟ್ಟೆ ಗಟ್ಟಿಯಿರುವ ಪಾದರಕ್ಷೆ ಇರಲೇಬೇಕು. ಮೊದಲ ದಿನವೇ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ, ಹತ್ತುವುದನ್ನು ಕಲಿಯಿರಿ: ಹೊಟ್ಟೆಯ ಮೇಲೆ ಅಡ್ಡ ಬಿದ್ದು, ಕಾಲು ಒದೆಯುತ್ತ ಮೈಯನ್ನು ಒಳಗೆಳೆದು, ಆಮೇಲೆ ಹೊರಳಿ ಕೂರಬೇಕು. ನಿಜವಾಗಿ ಮಗುಚಿದಾಗ ಕಯಾಕನ್ನು ಬಿಟ್ಟು ದಡಕ್ಕೆ ಈಜಬೇಡಿ. ಕಡಲ ಬದಿಯ ತುರ್ತಿಗೆ ಕರಾವಳಿ ಕಾವಲು ಪಡೆಯ 1554, ಉಳಿದದ್ದಕ್ಕೆ 112.

ಪ್ರಶ್ನೆ: ಒಳ್ಳೆಯ ಬೆಲೆ ಕೊಟ್ಟು ತಂದ ಚಾರಣದ ಬೂಟನ್ನು ನಾಲ್ಕೈದು ಸಲ ಮಾತ್ರ ಹಾಕಿ ಅಟ್ಟದ ಮೇಲೆ ಎತ್ತಿಟ್ಟಿದ್ದೆ. ಮೂರು ಮಳೆಗಾಲ ಕಳೆದು ತೆಗೆದು ಹಾಕಿದರೆ ಅರ್ಧ ದಾರಿಯಲ್ಲಿ ಎರಡೂ ಅಟ್ಟೆ ಕಿತ್ತುಬಂದವು. ನಕಲಿ ಮಾಲು ಇರಬಹುದೇ?
— ಸಿದ್ದಾಪುರದ ಓದುಗರು

ಉತ್ತರ: ನಕಲಿಯೇ ಆಗಬೇಕೆಂದಿಲ್ಲ, ದುಬಾರಿ ಬೂಟುಗಳಿಗೇ ಹೀಗಾಗುವುದು ಹೆಚ್ಚು. ಅಂಥವುಗಳಲ್ಲಿ ಕೆಳಗಿನ ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಪಾಲಿಯುರಿಥೇನ್ ಫೋಮಿನ ಪದರ ಇರುತ್ತದೆ. ಹವೆಯಲ್ಲಿರುವ ತೇವ ಆ ಫೋಮಿನ ಅಣುಸರಪಳಿಯನ್ನು ನಿಧಾನವಾಗಿ ಕಡಿಯುತ್ತ ಹೋಗುತ್ತದೆ. ಸೆಕೆ ಹೆಚ್ಚಿದ್ದಷ್ಟೂ ಈ ಕೆಲಸ ಚುರುಕು. ನಡೆಯುತ್ತಿದ್ದರೆ ಫೋಮ್ ಅಮುಕಿ ಅಮುಕಿ ಒಳಗಿನ ತೇವ ಹೊರಬೀಳುತ್ತದೆ, ಸುಮ್ಮನೆ ಇಟ್ಟರೆ ಅಲ್ಲೇ ಕೂರುತ್ತದೆ. ಹಾಗಾಗಿ ಹಾಕದೆ ಇಟ್ಟ ಬೂಟೇ ಮೊದಲು ಹಾಳಾಗುತ್ತದೆ. ಕಡಿಮೆ ಬೆಲೆಯ ಬೂಟುಗಳಲ್ಲಿ ಬಳಸುವ ಇವಿಎ ಫೋಮಿಗೆ ಈ ರೋಗ ಇಲ್ಲ. ಅದು ಬೇಗ ಚಪ್ಪಟೆಯಾಗುತ್ತದೆ, ಪುಡಿಯಾಗುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಬೂಟು ಹಾಕುವ ನಮ್ಮ ಕಡೆಯವರು ಅಂಗಡಿಯಲ್ಲಿ ಇವಿಎ ಕೇಳಿ ಕೊಳ್ಳುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ.

ಹೊರಡುವ ಎರಡು ವಾರ ಮೊದಲು ಪರೀಕ್ಷೆ ಮಾಡಿ. ಅಟ್ಟೆಯ ಬದಿಯ ಫೋಮಿಗೆ ಉಗುರು ಒತ್ತಿದಾಗ ಗುಳಿ ಹಾಗೇ ಉಳಿದರೆ, ಪುಡಿ ಉದುರಿದರೆ, ಬೂಟನ್ನು ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಅದರ ಆಯುಷ್ಯ ಮುಗಿದಿದೆ. ಇಂಥದ್ದಕ್ಕೆ ಯಾವ ಅಂಟೂ ನಿಲ್ಲದು, ಅಂಟಿಗೆ ಹಿಡಿತ ಕೊಡಲು ಗಟ್ಟಿ ಮೇಲ್ಮೈಯೇ ಉಳಿದಿಲ್ಲ. ಫೋಮ್ ಗಟ್ಟಿಯಾಗಿದ್ದು ಬರೀ ಅಂಟು ಬಿಟ್ಟಿದ್ದರೆ ಮಾತ್ರ ಚಮ್ಮಾರರಲ್ಲಿ ಕೊಟ್ಟು ಅಂಟಿಸಿ, ಮೇಲೆ ಸುತ್ತ ಹೊಲಿಗೆ ಹಾಕಿಸಿ. ಪರೀಕ್ಷೆಯಲ್ಲಿ ಗೆದ್ದ ಬೂಟನ್ನೂ ಚೀಲ ಹೊತ್ತು ಐದು ಕಿಲೋಮೀಟರ್ ನಡೆದು ನೋಡಿದ ಮೇಲೆಯೇ ನಂಬಿ.

ದಾರಿಯಲ್ಲಿ ಕಿತ್ತುಬಂದರೆ ಟೇಪು ಕೆಲಸಕ್ಕೆ ಬಾರದು, ಒದ್ದೆಗೆ ಅದು ಹಿಡಿಯುವುದಿಲ್ಲ. 3 ಮಿ.ಮೀ. ದಪ್ಪದ ನೈಲಾನ್ ಹಗ್ಗ, ಕಾಲಿಗೆ ಎರಡು ಮೀಟರಿನಂತೆ, ಚೀಲದಲ್ಲಿರಲಿ. ಬೆರಳುಗಳ ಹಿಂದೆ ಒಂದು ಸುತ್ತು, ಅಂಗಾಲಿನ ನಡುವೆ ಒಂದು ಸುತ್ತು ಹಾಕಿ ಹಿಮ್ಮಡಿಯ ಮೇಲೆ ಬಿಗಿದರೆ ಊರು ಮುಟ್ಟಬಹುದು. ಮನೆಯಲ್ಲಿ ಇಡುವಾಗ ತೊಳೆದು, ನೆರಳಲ್ಲಿ ಗಾಳಿಗೆ ಒಣಗಿಸಿ. ಬಚ್ಚಲೊಲೆಯ ಮೇಲೆ ನೇತುಹಾಕುವುದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಎರಡೂ ಬೇಡ. ಡೇರೆಯ ಬಟ್ಟೆಯ ಒಳಲೇಪವೂ ಇದೇ ಕಾರಣಕ್ಕೆ ಜಿಗುಟಾಗಿ ನಾರುತ್ತದೆ. ಆ ಹಳೆಯ ಲೇಪವನ್ನು ಉಜ್ಜಿ ತೆಗೆಯದೆ ಹೊಸದು ಬಳಿದರೆ ಎರಡೂ ಒಟ್ಟಿಗೆ ಸಿಪ್ಪೆಯಾಗಿ ಏಳುತ್ತವೆ.

ಪ್ರಶ್ನೆ: 10,000 ಮಿ.ಮೀ. ಎಂದು ಬರೆದಿರುವ, ಬೆವರು ಹೊರಹಾಕುವ ಜಾಕೆಟ್ ತಂದೆ. ಜುಲೈನಲ್ಲಿ ಶಿರಸಿ ಸುತ್ತ ಒಂದು ದಿನ ನಡೆದರೆ ಒಳಗೆಲ್ಲ ಒದ್ದೆ. ಸೋರಿದೆಯೇ?
— ಶಿರಸಿಯ ಓದುಗರು

ಉತ್ತರ: ಬಹುಮಟ್ಟಿಗೆ ಅದು ನಿಮ್ಮದೇ ಬೆವರು. ಆ ಅಂಕಿ ಹೇಳುವುದು ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂಬುದನ್ನು ಮಾತ್ರ. ಬೆವರಿನ ಆವಿ ಹೊರಹೋಗಲು ಒಳಗಿನದಕ್ಕಿಂತ ಹೊರಗಿನ ಹವೆ ಒಣಗಿರಬೇಕು. ಆಷಾಢದ ಶಿರಸಿಯಲ್ಲಿ ಹೊರಗಿನ ಹವೆಯೇ ತೇವದಿಂದ ತುಂಬಿರುವಾಗ ಆವಿ ಹೋಗುವುದೆಲ್ಲಿಗೆ? ಜೊತೆಗೆ ಹೊರಬಟ್ಟೆಯ ಮೇಲಿನ ನೀರು ಜಾರಿಸುವ ಲೇಪ ಸವೆದಿದ್ದರೆ ಬಟ್ಟೆ ನೀರು ಕುಡಿದು ಆ ಸಣ್ಣ ದಾರಿಯೂ ಮುಚ್ಚುತ್ತದೆ. ಜಾಕೆಟಿನ ಮೇಲೆ ನೀರು ಚಿಮುಕಿಸಿ ನೋಡಿ, ಹನಿ ಉರುಳದೆ ಹರಡಿ ಕಲೆಯಾದರೆ ಲೇಪ ಹೋಗಿದೆ.

ನಮ್ಮ ಮಳೆಗೆ ಚೀಲವನ್ನೂ ಮುಚ್ಚುವ ಸಡಿಲವಾದ ಪಾಂಚೋ ಮೇಲು, ಬಗಲಿನಲ್ಲಿ ಗಾಳಿ ಆಡುತ್ತದೆ. ಅಗಲದ ದಾರಿಯಲ್ಲಿ ಕೊಡೆಯೂ ಚೆನ್ನ. ನಡೆಯುವಾಗ ಮೈ ಒದ್ದೆಯಾಗುತ್ತದೆ ಎಂದು ಒಪ್ಪಿಕೊಂಡು, ರಾತ್ರಿಯ ಒಂದು ಜೊತೆ ಬಟ್ಟೆ ಮಾತ್ರ ಯಾವ ಕಾರಣಕ್ಕೂ ಒದ್ದೆಯಾಗದಂತೆ ಎರಡು ಪದರದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಡಿ. ಚೀಲದ ಮೇಲೆ ಹಾಕುವ ಮಳೆಮುಸುಕು ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯದು, ಅದೊಂದನ್ನೇ ನೆಚ್ಚಬೇಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಒದ್ದೆ ಹತ್ತಿಬಟ್ಟೆಯಲ್ಲಿ ಗಾಳಿಗೆ ನಿಂತರೆ ಮೈಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡುಕ ತಡೆಯದಿರುವುದು, ಮಾತು ತೊದಲುವುದು ಅದರ ಮೊದಲ ಲಕ್ಷಣ.

ಪ್ರಶ್ನೆ: ಮಳೆಗಾಲದ ಚಾರಣದಲ್ಲಿ ಹೋಗುವಾಗ ದಾಟಿದ ಹಳ್ಳ ಬರುವಾಗ ಉಕ್ಕಿರುತ್ತದೆ. ಹಗ್ಗ ಕಟ್ಟಿಕೊಂಡು ದಾಟುವ ಕ್ರಮ ತಿಳಿಸಿ.
— ಯಲ್ಲಾಪುರದ ಕಾಲೇಜು ತಂಡ

ಉತ್ತರ: ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ದಾಟಬೇಡಿ. ಜಾರಿ ಬಿದ್ದವರನ್ನು ಬಿಗಿಯಾದ ಹಗ್ಗ ನೀರಿನ ಮೇಲೆ ಹಿಡಿಯುವುದಿಲ್ಲ, ಹರಿವು ಅವರನ್ನು ಕೆಳಕ್ಕೆ ಒತ್ತಿ ಮುಳುಗಿಸುತ್ತದೆ. ಸರಿಯಾದ ಕ್ರಮ ಕಾಯುವುದು. ನಮ್ಮ ಘಟ್ಟದ ಸಣ್ಣ ಹಳ್ಳಗಳು ಬೇಗ ಏರುತ್ತವೆ, ಮಳೆ ನಿಂತರೆ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಹಾಗಾಗಿ ಹಳ್ಳದ ಆಚೆ ಒಂದು ರಾತ್ರಿ ಕಳೆಯುವಷ್ಟು ತಿಂಡಿ, ಒಣಬಟ್ಟೆ ಮತ್ತು 3×4 ಮೀಟರಿನ ತಾಡಪತ್ರಿ ತಂಡದ ಬಳಿ ಇರಬೇಕು. ಚದರ ಮೀಟರಿಗೆ 120 ಗ್ರಾಮಿನದಾದರೆ ಅದರ ತೂಕ ಸುಮಾರು ಒಂದೂವರೆ ಕೆ.ಜಿ. ಅಷ್ಟು ಹೊರುವುದು ಭಾರವೇನಲ್ಲ. ಅದರ ಹಗ್ಗದ ಗುಂಟ ನೀರು ಒಳಗೆ ಬಾರದಂತೆ, ತಾಡಪತ್ರಿ ಮುಟ್ಟುವುದಕ್ಕೆ ಒಂದು ಗೇಣು ಮೊದಲು ಬಟ್ಟೆಚೂರು ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದ ನೀರು ಮೊಣಕಾಲು ಮೀರಿದರೆ, ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ-ಕಡ್ಡಿ ತೇಲಿಬರತೊಡಗಿದರೆ, ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳಿದರೆ ಇಳಿಯುವ ಪ್ರಶ್ನೆಯೇ ಇಲ್ಲ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿದ್ದರೆ ಸಾಕು. ನೀರು ಕಡಿಮೆಯಿದ್ದು ದಾಟುವಾಗಲೂ ಅಗಲವಾಗಿ, ನೇರವಾಗಿ ಹರಿಯುವ ಕಡೆ ನೋಡಿ. ಕೆಳಗಡೆ ಜಲಪಾತವೋ ಬಿದ್ದ ಮರವೋ ಇರಬಾರದು. ಚೀಲದ ಎದೆಪಟ್ಟಿ, ಸೊಂಟಪಟ್ಟಿ ಬಿಚ್ಚಿ. ಹರಿವಿಗೆ ಮುಖ ಮಾಡಿ, ಎದೆಯೆತ್ತರದ ಕೋಲನ್ನು ಮುಂದೆ ಊರಿ, ಕೋಲು ಮತ್ತು ಎರಡು ಕಾಲು ಈ ಮೂರರಲ್ಲಿ ಒಂದನ್ನು ಮಾತ್ರ ಒಂದು ಸಲಕ್ಕೆ ಕದಲಿಸುತ್ತ ಪಕ್ಕಕ್ಕೆ ಸರಿಯಿರಿ. ಪಾಚಿ ಹಿಡಿದ ಅಡಿಕೆಮರದ ಕಾಲುಸಂಕದ ಮೇಲೆ ಒಬ್ಬೊಬ್ಬರೇ ಹೋಗಿ, ನೀರು ಸಂಕ ಮುಟ್ಟುತ್ತಿದ್ದರೆ ಹತ್ತಲೇಬೇಡಿ.

ಊರಿನಿಂದ ಬರುವ ವಾಹನವನ್ನು ಕಡಿದ ಗುಡ್ಡದ ಬುಡದಲ್ಲಿ ನಿಲ್ಲಿಸಿ ಕಾಯುವ ರೂಢಿಯನ್ನೂ ಬಿಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿಯ ಪಕ್ಕದಲ್ಲೇ.

ಪ್ರಶ್ನೆ: ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ನಡೆಯುತ್ತದೆಯೇ? ಬೇರೆ ಯಂತ್ರ ಬೇಕೇ? ಉಪಗ್ರಹ ಸಂದೇಶ ಯಂತ್ರ ವಿದೇಶದಿಂದ ತರಿಸಬಹುದೇ?
— ಹೊನ್ನಾವರದ ಓದುಗರು

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ: ತರಿಸಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನು, ಉಪಗ್ರಹ ಸಂದೇಶ ಯಂತ್ರ ಇಟ್ಟುಕೊಳ್ಳುವುದು ಅಪರಾಧ.

ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಗೆ ಬೇಕು. ಓಸ್ಮ್ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಕರ್ನಾಟಕದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ ತೆರೆದು ನೋಡಿ. ನೆಟ್‌ವರ್ಕ್ ಇದ್ದಾಗ ಫೋನು ಉಪಗ್ರಹಗಳ ವಿವರವನ್ನು ಅದರ ಮೂಲಕ ಕ್ಷಣದಲ್ಲಿ ಪಡೆಯುತ್ತದೆ. ಇಲ್ಲದಾಗ ಆಕಾಶದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು, ಕೆಲವು ನಿಮಿಷ ಹಿಡಿಯಬಹುದು. ಆದ್ದರಿಂದ ಮರಗಳ ಅಡಿಗೆ ಹೋಗುವ ಮೊದಲು ಬಯಲಲ್ಲಿ ನಿಂತು ಜಾಗ ಗುರುತಿಸಿಕೊಳ್ಳಲಿ. ನಡೆದ ದಾರಿಯನ್ನು ದಾಖಲಿಸುವ ಆ್ಯಪ್ ನಡುವೆ ನಿಂತುಹೋಗುವುದಕ್ಕೆ ಬಹುತೇಕ ಕಾರಣ ಬ್ಯಾಟರಿ ಉಳಿಸುವ ಸೆಟ್ಟಿಂಗ್, ಆ ಆ್ಯಪ್‌ಗೆ ಮಾತ್ರ ಅದನ್ನು ತೆಗೆದುಹಾಕಿ.

10,000 ಎಂಎಎಚ್ ಪವರ್‌ಬ್ಯಾಂಕಿನಿಂದ 5,000 ಎಂಎಎಚ್ ಫೋನು ಎರಡು ಸಲ ತುಂಬುವುದಿಲ್ಲ. ವೋಲ್ಟೇಜ್ ಏರಿಸಿ ಇಳಿಸುವಾಗ ಶಕ್ತಿ ಸೋರಿ, ಸಿಗುವುದು ಒಂದೂವರೆ ಸಲ. ಚಾರ್ಜಿಂಗ್ ತೂತು ಒದ್ದೆಯಾದರೆ ಫೋನು ಚಾರ್ಜನ್ನೇ ನಿರಾಕರಿಸುತ್ತದೆ. ನೀರು ತಡೆಯುವ ಐಪಿ68 ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಉಪ್ಪುನೀರಿಗೆ ಅದರ ಭರವಸೆ ಇಲ್ಲ. ಮಳೆಯಲ್ಲಿ ಪರದೆ ಬೆರಳನ್ನು ಗುರುತಿಸದು. ಆದ್ದರಿಂದ ಕಾಗದದ ನಕ್ಷೆ, ದಿಕ್ಸೂಚಿ ಎರಡೂ ಜೊತೆಗಿರಲಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳು ಅವರ ಜಾಲತಾಣದಲ್ಲಿ ಸಿಗುತ್ತವೆ.

ನೆರವು ಕೇಳುವಾಗ ಇರುವ ಜಾಗವನ್ನು ದಶಮಾಂಶದಲ್ಲಿ, ನಾಲ್ಕು ಅಂಕಿಯವರೆಗೆ ಎಸ್‌ಎಂಎಸ್ ಮಾಡಿ. ಅಷ್ಟಕ್ಕೆ ಹತ್ತಾರು ಮೀಟರಿನೊಳಗೆ ನೀವು ಸಿಗುತ್ತೀರಿ. ಮಾತಿನ ಕರೆ ಹೋಗದ ಕಡೆಯಿಂದಲೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ. ಡಿಗ್ರಿ-ನಿಮಿಷವನ್ನು ದಶಮಾಂಶವೆಂದು ಓದುವ ತಪ್ಪು ಬಹಳ ಸಾಮಾನ್ಯ: 14 ಡಿಗ್ರಿ 37.2 ನಿಮಿಷ ಎಂದರೆ 14.6200. ಅದನ್ನೇ 14.372 ಎಂದು ಬರೆದುಕೊಂಡರೆ ಹುಡುಕುವವರು ಸುಮಾರು 27 ಕಿಲೋಮೀಟರ್ ತೆಂಕಣಕ್ಕೆ ಹೋಗುತ್ತಾರೆ.

ಪ್ರಶ್ನೆ: ಉಂಬಳಕ್ಕೆ ಹಚ್ಚುವ ಹೊಗೆಸೊಪ್ಪು-ಸುಣ್ಣದ ನೀರು ಉಣುಗಿಗೂ ಆಗುತ್ತದೆಯೇ? ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ.
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಉಣುಗಿಗೆ ಅದನ್ನು ನೆಚ್ಚಬೇಡಿ. ಉಂಬಳ ಬರೀ ರಕ್ತ ಹೀರಿ ಹೋಗುತ್ತದೆ. ಅದರ ಬಾಯಿಯ ಬುಡಕ್ಕೆ ಉಗುರು ಸರಿಸಿ ಬಿಡಿಸಿ, ಹತ್ತು ನಿಮಿಷ ಒತ್ತಿ ಹಿಡಿದರೆ ಸಾಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಒಸರುವುದು ನಿಧಾನಕ್ಕೆ ನಿಲ್ಲುತ್ತದೆ. ಉಣುಗು ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆಯ ವೈರಾಣುವನ್ನು ಹರಡುವುದು ಅದೇ, ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಡಿಸೆಂಬರಿನಿಂದ ಮೇವರೆಗೆ ಹೆಚ್ಚಿನ ಎಚ್ಚರ ಬೇಕು.

ಹೊರಡುವ ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸುತ್ತಮುತ್ತ ಮಂಗ ಸತ್ತ ಸುದ್ದಿಯಿದ್ದರೆ ಆ ಕಾಡಿಗೆ ಹೋಗಲೇಬೇಡಿ. ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ತಿಳಿಬಣ್ಣದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತಿಳಿಬಣ್ಣದ ಮೇಲೆ ಉಣುಗು ಕಾಣುತ್ತದೆ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ, ಮಲಗಬೇಡಿ. ಮನೆಗೆ ಬಂದಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಿರಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮೊಣಕಾಲ ಹಿಂದೆ ನೋಡಿ. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕುವುದು, ಸುಡುವುದು ಬೇಡ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಯದೆ ವೈದ್ಯರಲ್ಲಿಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಮೊದಲ ಮಾತಿನಲ್ಲೇ ಹೇಳಿ.

ಪ್ರಶ್ನೆ: ಕುಮಟಾದಿಂದ ಗೋಕರ್ಣಕ್ಕೆ ಕಡಲ ದಡದಲ್ಲೇ ನಡೆಯಲು ಎಷ್ಟು ನೀರು ಬೇಕು?
— ಕುಮಟಾದ ಓದುಗರು

ಉತ್ತರ: ತಲೆಗೆ ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ. ಎರಡನ್ನು ಹೊತ್ತು ಹೊರಡಿ, ಉಳಿದದ್ದನ್ನು ಅಘನಾಶಿನಿ ಊರಿನಲ್ಲಿ, ತದಡಿಗೆ ತಾರಿ ದಾಟುವ ಮೊದಲು ತುಂಬಿಕೊಳ್ಳಿ. ಬೆಳಕು ಹರಿಯುವಾಗ ಹೊರಟು, ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ನಡೆದರೆ ಶ್ರಮ ಅರ್ಧಕ್ಕರ್ಧ ಕಡಿಮೆ. ದಡ ಮುಗಿದು ಬಂಡೆ ಸಿಕ್ಕಲ್ಲಿ, ಉಬ್ಬರವಿದ್ದರೆ ನೀರಂಚಿನಲ್ಲಿ ನುಸುಳಲು ಹೋಗದೆ ಮೇಲಿನ ಕಾಲುದಾರಿ ಹಿಡಿಯಿರಿ. ಹತ್ತರ ಮೇಲೆ ಚಿರೆಕಲ್ಲಿನ ಹಾಸು ಕಾದು ಸೆಕೆ ಕೆಳಗಿನಿಂದಲೂ ಹೊಡೆಯುತ್ತದೆ. ಓಆರ್‌ಎಸ್‌ನ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕರಗಿಸಿ. ಲೋಟ ನೀರಿಗೆ ಇಡೀ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ದಾಹ ಇನ್ನೂ ಏರುತ್ತದೆ.

ಪ್ರಶ್ನೆ: ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಾವೇ ಡೇರೆ ಹಾಕಿ ಉಳಿಯಬಹುದೇ?
— ಜೋಯಿಡಾಕ್ಕೆ ಹೊರಟಿರುವ ಓದುಗರು

ಉತ್ತರ: ಇಲ್ಲ. ಅನುಮತಿಯಿಲ್ಲದೆ ಕಾಲಿಡುವುದೇ ಕಾನೂನಿಗೆ ವಿರುದ್ಧ. ಅರಣ್ಯ ಇಲಾಖೆ ತೆರೆದಿರುವ ಚಾರಣದ ದಾರಿಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಕಾಯ್ದಿರಿಸಿಕೊಳ್ಳಿ. ಮಳೆಗಾಲದಲ್ಲೂ ಬೆಂಕಿಯ ಕಾಲದಲ್ಲೂ ದಾರಿಗಳನ್ನು ಮುಚ್ಚುವುದುಂಟು, ಬಸ್ಸಿನ ಟಿಕೆಟಿಗಿಂತ ಮೊದಲು ಅದನ್ನು ನೋಡಿ.